ಜರ್ಮನ್ ಪದದೊಳಗೊಂದು ದೇವಮೂಲೆ

ಎಂಎಸ್‌ಗೆಂದೋ ಕೆಲಸಕ್ಕೆಂದೋ ಜರ್ಮನ್ ಕಲಿಯಲು ಹೊರಟವರನ್ನು ಮೊದಲು ಹೆದರಿಸುವುದು ಅದರ ಉದ್ದುದ್ದ ಪದಗಳು. ‘ಹೆರ್‌ಗಾಟ್ಸ್‌ವಿಂಕೆಲ್’ ಅಂಥದ್ದೊಂದು. ಒಂದೇ ಉಸಿರಿಗೆ ಓದಹೋದರೆ ನಾಲಿಗೆ ತಡವರಿಸುತ್ತದೆ. ಬಿಡಿಸಿ ನೋಡಿದರೆ ಸಿಗುವುದು ನಮಗೆ ಪರಿಚಿತವಾದ ಜಾಗವೇ: ದೇವರ ಮೂಲೆ.

ಬವೇರಿಯಾ ಮತ್ತು ಆಸ್ಟ್ರಿಯಾದ ಕ್ಯಾಥೊಲಿಕ್ ರೈತರ ಮನೆಗಳಲ್ಲಿ ‘ಷ್ಟೂಬೆ’ ಎಂಬ ಬೆಚ್ಚನೆಯ ಕೋಣೆ ಇರುತ್ತಿತ್ತು. ಅದರ ಒಂದು ಮೂಲೆಯಲ್ಲಿ ಒಲೆ. ಕರ್ಣರೇಖೆ ಎಳೆದರೆ ಎದುರಾಗುವ ಮೂಲೆಯಲ್ಲಿ ಶಿಲುಬೆ. ಶಿಲುಬೆಯ ಕೆಳಗೇ ಊಟದ ಮೇಜು, ಗೋಡೆಗೆ ಹೊಂದಿಕೊಂಡ ಬೆಂಚು. ಗರಿಗಳ ಭಾನುವಾರದಂದು ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ರೆಂಬೆಗಳನ್ನು ತಂದು ಶಿಲುಬೆಯ ಹಿಂದೆ ಸಿಕ್ಕಿಸುತ್ತಾರೆ. ಈಗಲೂ ಎಷ್ಟೋ ಮನೆಗಳಲ್ಲಿ ಈ ಮೂಲೆ ಉಳಿದಿದೆ. ನಮ್ಮ ದೇವಮೂಲೆಯನ್ನು ಗೊತ್ತುಮಾಡುವುದು ಈಶಾನ್ಯ ದಿಕ್ಕು. ಅಲ್ಲಿ ಒಲೆಯ ಜಾಗ.

ಇನ್ನು ಪದ. ‘ಹೆರ್’ ಎಂದರೆ ಒಡೆಯ. ಹಳೆಯ ಜರ್ಮನ್‌ನಲ್ಲಿ ಅದರ ಅರ್ಥ ‘ಹೆಚ್ಚು ನರೆತವನು, ಹೆಚ್ಚು ಪೂಜ್ಯ’ ಎಂದು. ನಮ್ಮ ‘ಹಿರಿಯ’ನಲ್ಲೂ ವಯಸ್ಸು, ಗೌರವ ಎರಡೂ ಇವೆಯಲ್ಲ! ಸದ್ದು ಹೋಲುವುದು ಮಾತ್ರ ಕಾಕತಾಳೀಯ. ಇಂದು ‘ಶ್ರೀ’ ಎನ್ನಲೂ ಅದೇ ಪದ ಬಳಸುತ್ತಾರೆ. ‘ಗಾಟ್’ ಎಂದರೆ ದೇವರು. ಇದರ ಮೂಲದ ಬಗ್ಗೆ ಭಾಷಾಶಾಸ್ತ್ರಜ್ಞರಲ್ಲಿ ಎರಡು ವಾದಗಳಿವೆ: ‘ಕರೆ’ ಎಂಬ ಧಾತು ಅಥವಾ ‘ಸುರಿ’ ಎಂಬ ಧಾತು. ಮೊದಲನೆಯದರ ಬಂಧು ಸಂಸ್ಕೃತದ ‘ಆಹ್ವಾನ’ದಲ್ಲಿದ್ದರೆ, ಎರಡನೆಯದರದ್ದು ‘ಆಹುತಿ’ಯಲ್ಲಿದೆ. ‘ವಿಂಕೆಲ್’ ಹುಟ್ಟಿದ್ದು ಬಾಗುವುದು ಎಂಬ ಅರ್ಥದಿಂದ. ಮನೆಯ ಮೂಲೆಗೂ ಗಣಿತದ ಕೋನಕ್ಕೂ ಅದೊಂದೇ ಪದ.

ನಡುವೆ ಉಳಿದ ‘ಸ್’? ಅದು ಷಷ್ಠಿ ವಿಭಕ್ತಿಯಿಂದ ಬಂದದ್ದು. ‘ದೇವರ ಮನೆ’ಯಲ್ಲಿ ‘ಅ’ ಪ್ರತ್ಯಯ ಮಾಡುವ ಕೆಲಸವನ್ನೇ ಅಲ್ಲಿ ‘ಸ್’ ಮಾಡುತ್ತದೆ. ಅಂದರೆ ಇದು ಹೈಸ್ಕೂಲಿನಲ್ಲಿ ಓದಿದ ತತ್ಪುರುಷ ಸಮಾಸ, ಉತ್ತರಪದವೇ ಪ್ರಧಾನ. ಇಡೀ ಪದದ ಲಿಂಗವನ್ನು ನಿರ್ಧರಿಸುವುದೂ ಕೊನೆಯ ‘ವಿಂಕೆಲ್’. ಅದು ಪುಲ್ಲಿಂಗ, ಹಾಗಾಗಿ ಮುಂದೆ ‘ಡೇರ್’ ಬರುತ್ತದೆ.

ಹೊಸ ಭಾಷೆ ಕಲಿಯುವಾಗ ಕನ್ನಡವನ್ನು ತರಗತಿಯ ಹೊರಗೆ ಬಿಟ್ಟು ಹೋಗಬೇಕು ಎಂದುಕೊಳ್ಳುವವರೇ ಹೆಚ್ಚು. ನಿಜಕ್ಕೂ ಅಲ್ಲಿ ಕೈಹಿಡಿಯುವುದು ನಮ್ಮದೇ ವ್ಯಾಕರಣ. ಮುಂದಿನ ಸಲ ಉದ್ದನೆಯ ಜರ್ಮನ್ ಪದ ಎದುರಾದರೆ ಬಾಯಿಪಾಠ ಮಾಡಬೇಡಿ. ಕೊನೆಯಿಂದ ಶುರುಮಾಡಿ, ವಿಗ್ರಹವಾಕ್ಯ ಬರೆಯಿರಿ.