‘ಅಕ್ಕಾ’ ಅಂದರೆ ನೀರಲ್ಲ

ಬೆಳಿಗ್ಗೆ ಎಂಟಕ್ಕೆ ನಾನು ಆ ಸರ್ವಿಸ್ ಅಪಾರ್ಟ್‌ಮೆಂಟಿನ ಬಾಗಿಲು ತಟ್ಟಿದಾಗ ಆಕೆ ರಾತ್ರಿಯಿಡೀ ನಿದ್ದೆಗೆಟ್ಟ ಕಣ್ಣಲ್ಲಿ ಬಾಗಿಲು ತೆಗೆದರು. ಮಂಚದ ಪಕ್ಕದ ಮೇಜಿನ ಮೇಲೆ ನಾಲ್ಕೈದು ಗ್ಲಾಸುಗಳಿದ್ದವು, ಎಲ್ಲದರಲ್ಲೂ ನೀರು ಹಾಗೇ ಇತ್ತು. ಹಾಸಿಗೆಯ ಅಂಚೂ ಒದ್ದೆ. ಆರು ವರ್ಷದ ಹುಡುಗಿ ಅತ್ತು ಅತ್ತು ಸುಸ್ತಾಗಿ ಈಗಷ್ಟೇ ನಿದ್ದೆ ಹೋಗಿದ್ದಳು.

“ರಾತ್ರಿ ಪೂರ್ತಿ ನೀರು ಕೇಳಿದಳು. ಕೊಟ್ಟರೆ ತಳ್ಳಿಬಿಡುತ್ತಾಳೆ, ಮತ್ತೆ ಕೇಳುತ್ತಾಳೆ” ಅಂದರು ತಾಯಿ, ಇಂಗ್ಲಿಷಿನಲ್ಲಿ. ಅವರು ಇಟಲಿಯವರು, ಹುಡುಗಿಯನ್ನು ದತ್ತು ಪಡೆದವರು. ಹುಡುಗಿ ಏನೆಂದು ಕೇಳಿದಳು ಅಂತ ವಿಚಾರಿಸಿದೆ. “ಆಕ್ವಾ, ಆಕ್ವಾ ಅಂತ. ವಿಡಿಯೊ ಕಾಲ್‌ನಲ್ಲಿ ನಾವೇ ಕಲಿಸಿದ್ದೆವು.”

ಇಟಲಿಯ ಭಾಷೆಯಲ್ಲಿ ನೀರಿಗೆ ‘ಆಕ್ವಾ’ ಅನ್ನುತ್ತಾರೆ. ಆದರೆ ಆ ಮಗು ರಾತ್ರಿಯೆಲ್ಲ ಕರೆದದ್ದು ‘ಅಕ್ಕಾ’ ಅಂತ. ಮೂರು ವರ್ಷ ತನ್ನನ್ನು ಮಗ್ಗುಲಲ್ಲಿ ಮಲಗಿಸಿಕೊಂಡ ಆಯಾಳನ್ನು ಆಶ್ರಮದ ಮಕ್ಕಳೆಲ್ಲ ಕರೆಯುತ್ತಿದ್ದದ್ದು ಹಾಗೆ.

ಅದನ್ನು ನಾನು ಹೇಳಿದಾಗ ಆ ತಾಯಿ ಕುರ್ಚಿಯಲ್ಲಿ ಕುಸಿದು ಕೂತರು. ಗಂಡ ಒಂದೊಂದೇ ಗ್ಲಾಸು ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದರು.

ನಾನು ಹುಬ್ಬಳ್ಳಿ ಕಡೆಯವಳು. ಉತ್ತರ ಕರ್ನಾಟಕದ ಮಗು, ಅದರ ಮಾತು ತಿಳಿಯುವವರು ನಾಲ್ಕು ದಿನಕ್ಕೆ ಬೇಕು ಎಂದು ಪರಿಚಿತರೊಬ್ಬರು ಕೇಳಿದ್ದಕ್ಕೆ ಒಪ್ಪಿಕೊಂಡಿದ್ದೆ. ವೀಸಾ ಕೈಗೆ ಬರುವ ತನಕ ಅವರು ಬೆಂಗಳೂರಿನಲ್ಲಿ ಇರಬೇಕಿತ್ತು. ಮಗುವಿನ ಹೆಸರು, ಊರು ಬರೆಯಲು ಕಾನೂನು ಬಿಡುವುದಿಲ್ಲ, ಬರೆಯುವ ಮನಸ್ಸೂ ನನಗಿಲ್ಲ.

ಅಲ್ಲಿಗೆ ಬರುವಷ್ಟರಲ್ಲಿ ಆ ದಂಪತಿ ದಾಟಿದ ಕಟ್ಟೆಗಳು ಒಂದೆರಡಲ್ಲ. ಇಟಲಿಯಲ್ಲಿ 1983ರ ಕಾನೂನಿನಂತೆ ಮಕ್ಕಳ ನ್ಯಾಯಾಲಯ ಮೊದಲು ಗಂಡಹೆಂಡಿರನ್ನು ಪರೀಕ್ಷಿಸಿ ‘ಯೋಗ್ಯರು’ ಎಂದು ತೀರ್ಮಾನಿಸಬೇಕು. ಆಮೇಲೆ ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಅರ್ಜಿ ದೆಹಲಿಯ ಕೇಂದ್ರೀಯ ದತ್ತು ಪ್ರಾಧಿಕಾರಕ್ಕೆ, ಅಂದರೆ ‘ಕಾರಾ’ಗೆ ಬರುತ್ತದೆ. ಅಲ್ಲಿಂದ ಮಗುವಿನ ವಿವರ, ವೈದ್ಯಕೀಯ ವರದಿ, ಫೋಟೊ. ಒಪ್ಪಿಗೆ ಕೊಟ್ಟರೆ ನಿರಾಕ್ಷೇಪಣಾ ಪತ್ರ. 2022ರ ಸೆಪ್ಟೆಂಬರಿನವರೆಗೆ ದತ್ತು ಆದೇಶ ಕೋರ್ಟಿನಲ್ಲಿ ಆಗುತ್ತಿತ್ತು, ಈಗ ಅದು ಜಿಲ್ಲಾಧಿಕಾರಿಯ ಕೆಲಸ. ಆದೇಶವಾದ ಮೇಲೆ ತಂದೆತಾಯಿಯ ಹೆಸರಿರುವ ಹೊಸ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಹೇಗ್ ಒಪ್ಪಂದದಂತೆ ಎಲ್ಲವೂ ನಡೆದಿದೆ ಎಂಬ ಇನ್ನೊಂದು ಪ್ರಮಾಣಪತ್ರ. ಅವರ ಕಡತ ನಾನು ಎತ್ತಿ ನೋಡಿದೆ, ಒಂದು ಕೈಯಲ್ಲಿ ಹಿಡಿಯಲಾಗಲಿಲ್ಲ.

ಇಷ್ಟು ಬಿಗಿ ಬೇಕೇ ಎಂದು ಕೇಳುವವರಿದ್ದಾರೆ. ಬೇಕು. ಪರದೇಶಕ್ಕೆ ಮಕ್ಕಳನ್ನು ದತ್ತು ಕೊಡುವ ಹೆಸರಿನಲ್ಲಿ ದುಡ್ಡು ಕೈಬದಲಾದ, ಬಡ ತಾಯಂದಿರಿಗೆ ಮೋಸವಾದ ಚರಿತ್ರೆ ನಮ್ಮಲ್ಲಿದೆ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯೆಂದು ಎತ್ತಿಕೊಂಡು 1984ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಆ ತೀರ್ಪೇ ಇಂದಿನ ವ್ಯವಸ್ಥೆಯ ತಳಪಾಯ. 1990ರಲ್ಲಿ ಕಾರಾ ಹುಟ್ಟಿತು, 2003ರಲ್ಲಿ ಭಾರತ ಹೇಗ್ ಒಪ್ಪಂದವನ್ನು ಅನುಮೋದಿಸಿತು. ಹೆತ್ತವರು ತಾವಾಗಿ ಮಗುವನ್ನು ಒಪ್ಪಿಸಿದರೂ ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಅವಕಾಶವಿದೆ. ಮಗು ಮೊದಲು ಸಿಗಬೇಕಾದದ್ದು ಭಾರತದ ಮನೆಗಳಿಗೆ, ಅನಿವಾಸಿ ಭಾರತೀಯರಿಗೆ. 2023–24ರಲ್ಲಿ ದತ್ತು ಹೋದ 4,009 ಮಕ್ಕಳಲ್ಲಿ ಹೊರದೇಶಕ್ಕೆ ಹೋದವರು 449.

ನಾನು ಹೇಳಬೇಕೆಂದಿರುವುದು ಆ 449 ಮಕ್ಕಳ ಬಗ್ಗೆಯೇ. ಇಲ್ಲಿ ಯಾರೂ ಮುಂದೆ ಬರದಿದ್ದಾಗ ಮಗು ಹೊರದೇಶಕ್ಕೆ ಹೋಗುತ್ತದೆ. ಐದು ವರ್ಷ ದಾಟಿದವರು, ಒಡಹುಟ್ಟಿದವರ ಜೋಡಿ, ಅಂಗವೈಕಲ್ಯ ಇರುವವರು: ವಿದೇಶಿ ದತ್ತುವಿನಲ್ಲಿ ಇವರಿಗೆ ಆದ್ಯತೆ ಕೊಡಬಹುದೆಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ನಮ್ಮವರಿಗೆ ಬೇಕಾಗಿರುವುದು ತೊಟ್ಟಿಲ ಕೂಸು. ಹಾಗಾಗಿ ವಿಮಾನ ಹತ್ತುವ ಎಷ್ಟೋ ಮಕ್ಕಳು ಮಾತು ಬಂದ ಮಕ್ಕಳು. ಬಾಯಲ್ಲಿ ಕನ್ನಡವೋ ಮರಾಠಿಯೋ ಒಡಿಯಾವೋ ಇಟ್ಟುಕೊಂಡು ಹೊರಟವರು. ಅಷ್ಟು ದಪ್ಪದ ಆ ಕಡತದಲ್ಲಿ ತೂಕ, ಎತ್ತರ, ಲಸಿಕೆ, ರಕ್ತದ ಗುಂಪು ಎಲ್ಲ ಇತ್ತು. ಮಗು ಹಸಿವಾದರೆ ಏನನ್ನುತ್ತದೆ ಎಂಬುದು ಎಲ್ಲೂ ಇರಲಿಲ್ಲ.

ಆ ತಂದೆತಾಯಿ ತಮ್ಮ ಕಡೆಯಿಂದ ಕನ್ನಡ ಕಲಿತೇ ಬಂದಿದ್ದರು. ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ನಲವತ್ತು ಪದಗಳು. ಊಟ, ನೀರು, ನೋವು, ಶೌಚಾಲಯ. ಎರಡನೆಯ ದಿನ ಮಧ್ಯಾಹ್ನ ಹುಡುಗಿ ಹೊಟ್ಟೆ ಹಿಡಿದುಕೊಂಡು ಮೂಲೆಗೆ ಸರಿದಳು. “ನೋವು? ನೋವು?” ಎಂದು ಅಪ್ಪ ಎರಡು ಸಲ ಕೇಳಿದರು. ಅವಳು ಪಿಳಿಪಿಳಿ ನೋಡಿದಳು. “ಏನಾತವ್ವಾ?” ಅಂದೆ. “ಹೊಟ್ಟಿ ಬ್ಯಾನಿ ಆಗೇತ್ರೀ” ಅಂದಳು. ನೋವು ಅವಳಿಗೆ ಬ್ಯಾನಿ. ಶೌಚಾಲಯ ಸಂಡಾಸ. ಬೇಡ ಅನ್ನುವುದು ಬ್ಯಾಡ. ಅವರ ನೋಟ್‌ಬುಕ್ಕಿನಲ್ಲಿ ಇದ್ದದ್ದು ಪಠ್ಯಪುಸ್ತಕದ ಕನ್ನಡ, ಮಗುವಿನ ಕನ್ನಡಕ್ಕೂ ಅದಕ್ಕೂ ನಡುವೆ ತುಂಗಭದ್ರೆ ಹರಿಯುತ್ತಿತ್ತು.

ಆ ಸಂಜೆ ನಾವು ಮೂವರೂ ಕೂತು ಹೊಸ ಪಟ್ಟಿ ಮಾಡಿದೆವು. ಹುಡುಗಿಯನ್ನೇ ಕೇಳಿ ಕೇಳಿ ಬರೆದೆವು. ಆಶ್ರಮಕ್ಕೆ ಫೋನು ಹಚ್ಚಿದೆ. ಅಕ್ಕ ಫೋನಿನಲ್ಲಿ ಅಳಲಿಲ್ಲ, ಕೆಲಸದ ಮಾತು ಆಡಿದರು. “ಆಕೀಗೆ ಮಲಗೂ ಮುಂದ ಬೆನ್ನ ತಟ್ಟಬೇಕ್ರೀ. ಕೌದಿ ಇಲ್ದ ನಿದ್ದಿ ಬರೂದಿಲ್ಲ.” ಹೊಸ ಬಟ್ಟೆ, ಹೊಸ ಬೂಟು, ಹೊಸ ಗೊಂಬೆಯ ನಡುವೆ ಕೌದಿಯ ನೆನಪು ಯಾರಿಗೂ ಆಗಿರಲಿಲ್ಲ. ಅಕ್ಕ ಅದನ್ನು ರಾತ್ರಿ ಬಸ್ಸಿಗೆ ಹಾಕಿ ಕಳಿಸಿದರು, ಜೊತೆಗೆ ಒಂದು ಡಬ್ಬಿ ಶೇಂಗಾ ಉಂಡಿ. ಮರುದಿನ ಕೌದಿಯನ್ನು ಒಗೆದು ಕೊಡಲೇ ಎಂದು ಅಪಾರ್ಟ್‌ಮೆಂಟಿನ ಕೆಲಸದವಳು ಕೇಳಿದಾಗ ತಾಯಿ ಬೇಡವೆಂದು ಎದೆಗವಚಿಕೊಂಡರು. ಹಳೇ ಸೀರೆಯ ತುಂಡುಗಳು, ಒಂದು ಮೂಲೆಯಲ್ಲಿ ಎಣ್ಣೆಯ ಕಲೆ. ಹುಡುಗಿ ಅದರ ಅಂಚನ್ನು ಮೂಗಿಗೆ ಹಿಡಿದು ಆ ರಾತ್ರಿ ಮಲಗಿದಳು.

ಇದೆಲ್ಲ ಯಾಕೆ, ಮಕ್ಕಳು ಹೊಸ ಭಾಷೆ ಬೇಗ ಕಲಿಯುತ್ತಾರಲ್ಲ ಎನ್ನುತ್ತಾರೆ. ನಿಜ, ಕಲಿಯುತ್ತಾರೆ. ಅಷ್ಟೇ ಬೇಗ ಹಳೆಯದನ್ನು ಕಳೆದುಕೊಳ್ಳುತ್ತಾರೆ. ಫ್ರಾನ್ಸಿಗೆ ಮೂರರಿಂದ ಎಂಟು ವರ್ಷದೊಳಗೆ ದತ್ತು ಹೋದ ಎಂಟು ಜನ ಕೊರಿಯನ್ನರನ್ನು, ಅವರು ದೊಡ್ಡವರಾದ ಮೇಲೆ, ಕ್ರಿಸ್ಟೋಫ್ ಪಾಲಿಯೆ ಮತ್ತು ಸಂಗಡಿಗರು ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಅಧ್ಯಯನ ಅದು. ಕೊರಿಯನ್ ವಾಕ್ಯ ಕೇಳಿಸಿದರೆ ಇದು ತಮ್ಮ ಭಾಷೆಯೆಂದು ಅವರಿಗೆ ಗೊತ್ತಾಗಲಿಲ್ಲ. ಮಿದುಳಿನ ಚಿತ್ರದಲ್ಲೂ ಕುರುಹು ಕಾಣಲಿಲ್ಲ. ಎಂಟು ವರ್ಷದ ಮಗು ಅಂದರೆ ಜಗಳವಾಡುವ, ಕತೆ ಹೇಳುವ ಮಗು!

ಆದರೆ 2014ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಬೇರೆ ಸುದ್ದಿ ಬಂತು. ಸುಮಾರು ಒಂದು ವರ್ಷದ ಕೂಸಾಗಿದ್ದಾಗ ಚೀನಾದಿಂದ ಬಂದು, ಬರೀ ಫ್ರೆಂಚ್ ಆಡುತ್ತ ಬೆಳೆದ ಹುಡುಗಿಯರಿಗೆ ಚೀನೀ ಭಾಷೆಯ ಸ್ವರದ ಏರಿಳಿತ ಕೇಳಿಸಿದಾಗ, ಅವರ ಮಿದುಳು ಚೀನೀ ಮಾತನಾಡುವವರ ಮಿದುಳಿನಂತೆಯೇ ಸ್ಪಂದಿಸಿತು. ಒಂದು ಪದವೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಇವೆರಡನ್ನೂ ಓದಿದ ಮೇಲೆ ನನಗೆ ಅನ್ನಿಸುವುದು, ಬೇರು ಎಲ್ಲೋ ಉಳಿದಿರಬಹುದು, ಆದರೆ ನೀರೆರೆಯದೆ ಚಿಗುರುವುದಿಲ್ಲ.

ಸರೂ ಬ್ರೈಯರ್ಲಿಯ ಕತೆ ‘ಲಯನ್’ ಸಿನಿಮಾದಿಂದ ಎಲ್ಲರಿಗೂ ಗೊತ್ತು. ಮಧ್ಯಪ್ರದೇಶದಲ್ಲಿ ರೈಲು ಹತ್ತಿ ಕೋಲ್ಕತಾದಲ್ಲಿ ಕಳೆದುಹೋದ ಹುಡುಗ 1987ರಲ್ಲಿ ಟಾಸ್ಮೇನಿಯಾದ ಮನೆ ಸೇರಿದ. ತನ್ನ ಮೊಹಲ್ಲಾ ಗಣೇಶ್ ತಲೈ ಅವನ ನೆನಪಿನಲ್ಲಿ ‘ಗಿನೆಸ್ಟ್‌ಲೇ’ ಆಗಿ ಉಳಿದಿತ್ತು. ಇಪ್ಪತ್ತೈದು ವರ್ಷದ ಮೇಲೆ, 2012ರಲ್ಲಿ ಖಂಡ್ವಾಕ್ಕೆ ಬಂದು ಹೆತ್ತ ತಾಯಿಯನ್ನು ಕಂಡಾಗ ಮಾತಾಡಲು ನಡುವೆ ಒಬ್ಬರು ಬೇಕಾದರು. ತನ್ನ ಹೆಸರೇ ಸರೂ ಅಲ್ಲ, ಶೇರು ಎಂದು ತಿಳಿದದ್ದೂ ಆಗಲೇ.

ನನ್ನ ಬೇಡಿಕೆ ಬಹಳ ಸಣ್ಣದು. ಮಗುವಿನ ಕಡತಕ್ಕೆ ಎರಡು ಹಾಳೆ ಸೇರಿಸಿ. ಅದರಲ್ಲಿ ಮಗುವಿನದೇ ಮಾತು, ಅದರ ಊರಿನ ಉಚ್ಚಾರದಲ್ಲಿ. ಯಾರನ್ನು ಏನೆಂದು ಕರೆಯುತ್ತದೆ, ಹೆದರಿದಾಗ ಏನನ್ನುತ್ತದೆ. ಆಯಾಳ ಜೋಗುಳ ಫೋನಿನಲ್ಲಿ ಧ್ವನಿಮುದ್ರಿಸಿ ಕಳಿಸಿ. ದತ್ತು ಕೊಟ್ಟ ಮೇಲೆ ಎರಡು ವರ್ಷ ಮಗುವಿನ ಯೋಗಕ್ಷೇಮದ ವರದಿ ಹೊರದೇಶದಿಂದ ಬರಲೇಬೇಕೆಂಬ ನಿಯಮವಿದೆ. ಆ ವರದಿ ಬರುವಾಗ, ಇಲ್ಲಿಂದ ಒಂದು ದನಿ ಅಲ್ಲಿಗೆ ಹೋಗಲಿ. ಅಕ್ಕಂದಿರನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಅವರ ಹತ್ತಿರ ಎಲ್ಲ ಇದೆ.

ಅವರು ಹೋಗಿ ಹತ್ತು ತಿಂಗಳಾದ ಮೇಲೆ ಒಂದು ಭಾನುವಾರ ವಿಡಿಯೊ ಕಾಲ್ ಬಂತು. ಅಕ್ಕನನ್ನೂ ಜೊತೆಗೆ ಸೇರಿಸಿಕೊಳ್ಳಿ ಎಂದು ತಾಯಿಯೇ ಕೇಳಿದ್ದರು. ಹುಡುಗಿ ಉದ್ದ ಆಗಿದ್ದಳು, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅಕ್ಕನ ಮುಖ ಕಂಡೊಡನೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು.

“ಊಟ ಆತೇನವ್ವಾ?” ಅಂದರು ಅಕ್ಕ.

ಹುಡುಗಿ ನಕ್ಕಳು. ಏನು ಕೇಳಿದರೆಂದು ತಿಳಿಯದೆ ತಾಯಿಯ ಕಡೆ ತಿರುಗಿದಳು.

ತಾಯಿ ಅವಳ ಬೆನ್ನ ಮೇಲೆ ಕೈಯಿಟ್ಟು, ತಡೆದು ತಡೆದು ಹೇಳಿದರು: “ಆತ್ರೀ, ಅಕ್ಕಾ.”