ರಜೆಯ ದಿನ ವೀರಗಲ್ಲಿನ ಮುಂದೆ: ಹೊಸೂರು–ಕೃಷ್ಣಗಿರಿ ಸೀಮೆಯ ಕುಟುಂಬಗಳಿಗೆ ಒಂದು ಕೈಪಿಡಿ

ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ವರ್ಷದಲ್ಲಿ ಮನೆಮಂದಿಗೆಲ್ಲ ಒಟ್ಟಿಗೆ ಬಿಡುವು ದೊರೆಯುವ ದಿನಗಳು ಕೆಲವೇ. ಅವುಗಳಲ್ಲಿ ಈ ಮೂರು ಮುಖ್ಯವಾದವು. ಕಾರ್ಖಾನೆ, ಕಚೇರಿ, ಶಾಲೆ ಎಲ್ಲಕ್ಕೂ ಅಂದು ರಜೆ. ಧ್ವಜವಂದನೆ ಮುಗಿದ ಮೇಲೆ ಮಕ್ಕಳನ್ನು ಯಾವುದಾದರೂ ಚಾರಿತ್ರಿಕ ಸ್ಥಳಕ್ಕೆ ಕರೆದೊಯ್ಯಬೇಕೆಂಬ ಬಯಕೆ ಹಲವು ತಂದೆತಾಯಿಗಳಲ್ಲಿರುತ್ತದೆ. ಆದರೆ ಇಲ್ಲೊಂದು ತೊಡಕಿದೆ. ತಮಿಳುನಾಡಿನ ಸರಕಾರಿ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ಮತ್ತು ಎರಡನೆಯ ಶನಿವಾರಗಳಂತೆಯೇ ರಾಷ್ಟ್ರೀಯ ರಜಾದಿನಗಳಲ್ಲಿಯೂ ಬಾಗಿಲು ಮುಚ್ಚುವ ಪದ್ಧತಿಯಿದೆ. 1993ರಲ್ಲಿ ಸ್ಥಾಪನೆಯಾದ ಕೃಷ್ಣಗಿರಿಯ ವಸ್ತುಸಂಗ್ರಹಾಲಯವೂ ಇದಕ್ಕೆ ಹೊರತಲ್ಲ. ಇದನ್ನರಿಯದೆ ಹೊರಟ ಕುಟುಂಬ ಬೀಗ ನೋಡಿ ಹಿಂದಿರುಗಬೇಕಾಗುತ್ತದೆ.

ಹೀಗಿದ್ದರೂ ನಿರಾಶರಾಗಬೇಕಿಲ್ಲ. ಈ ಸೀಮೆಯ ಚರಿತ್ರೆಯ ಹೆಚ್ಚಿನ ಭಾಗ ಗೋಡೆಗಳ ಒಳಗಿಲ್ಲ. ಬೆಟ್ಟದ ಮೇಲೆ, ಕೆರೆಯ ದಂಡೆಯಲ್ಲಿ, ಹೊಲದ ಬದುವಿನಲ್ಲಿ ನಿಂತಿದೆ. ರಾಷ್ಟ್ರೀಯ ರಜೆಯಂದು ಬಯಲಿನ ಸ್ಮಾರಕಗಳನ್ನು ಕಂಡು, ಮುಂದೊಂದು ಭಾನುವಾರ ವಸ್ತುಸಂಗ್ರಹಾಲಯಕ್ಕೆ ಹೋಗುವುದು ಸೂಕ್ತ ಕ್ರಮ. ಮೊದಲು ಕಲ್ಲನ್ನು ಅದು ಹುಟ್ಟಿದ ನೆಲದಲ್ಲಿ ಕಂಡ ಮಗುವಿಗೆ, ಬಳಿಕ ಸಂಗ್ರಹಾಲಯದ ಕಲ್ಲು ಅಪರಿಚಿತವೆನಿಸುವುದಿಲ್ಲ.

ನೋಡಬಹುದಾದ ತಾಣಗಳು

ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿ ಅವರು ಜನಿಸಿದರು. ಅವರು ಹುಟ್ಟಿದ ಮನೆ ಇಂದು ಸ್ಮಾರಕವಾಗಿದೆ. ಸ್ವತಂತ್ರ ಭಾರತದ ಗವರ್ನರ್ ಜನರಲ್ ಹುದ್ದೆಗೇರಿದ ಏಕೈಕ ಭಾರತೀಯರು ಅವರು. 1950ರ ಜನವರಿ 26ರಂದು ದೇಶ ಗಣರಾಜ್ಯವಾದೊಡನೆ ಆ ಹುದ್ದೆಯೇ ಇಲ್ಲವಾಯಿತು. ಗಣರಾಜ್ಯೋತ್ಸವವೆಂದರೇನೆಂದು ಮಗುವಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಕೃಷ್ಣಗಿರಿಯ ಬೆಟ್ಟದ ಕೋಟೆ ಇನ್ನೊಂದು ತಾಣ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಇಂಗ್ಲಿಷರ ಸೈನ್ಯ ಈ ಕೋಟೆಯ ಮೇಲೆ ದಾಳಿ ಮಾಡಿತಾದರೂ ಮೇಲಣ ಕೋಟೆ ಕೈವಶವಾಗಲಿಲ್ಲ. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲ್ ಪ್ರದೇಶವೆಲ್ಲ ಕಂಪನಿಗೆ ಸೇರಿತು. ಫಿರಂಗಿಗೆ ಬಗ್ಗದ ಕೋಟೆ ಕಾಗದದ ಒಪ್ಪಂದಕ್ಕೆ ಬಗ್ಗಿತು. ಏರು ಕಡಿದಾಗಿರುವುದರಿಂದ ವೃದ್ಧರೂ ಚಿಕ್ಕಮಕ್ಕಳೂ ಬುಡದಿಂದಲೇ ನೋಡುವುದು ಕ್ಷೇಮ. ಹತ್ತುವವರು ಬಿಸಿಲೇರುವ ಮುನ್ನ ಹತ್ತಿ ಇಳಿಯಬೇಕು.

ಮಲ್ಲಚಂದ್ರಂ ಗ್ರಾಮದ ಬಳಿಯ ಬಂಡೆಯ ಮೇಲೆ ಬೃಹತ್ ಶಿಲಾಯುಗದ ಕಲ್ಮನೆಗಳ ಸಮೂಹವಿದೆ. ನಾಲ್ಕು ಕಡೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದನ್ನು ಹೊದಿಸಿ ಕಟ್ಟಿದ ಇಂಥ ರಚನೆಗಳನ್ನು ಕನ್ನಡ ನಾಡಿನಲ್ಲಿ ಪಾಂಡವರ ಗುಡಿ, ಮೋರಿಯರ ಮನೆ ಎಂದು ಕರೆಯುವುದುಂಟು. ವಾಸ್ತವದಲ್ಲಿ ಇವು ಸತ್ತವರ ಸ್ಮಾರಕಗಳು. ಇದೇ ಜಿಲ್ಲೆಯ ಮಯಿಲಾಡುಂಪಾರೈ ಎಂಬಲ್ಲಿ ದೊರೆತ ಕಬ್ಬಿಣದ ಕುರುಹುಗಳ ಕಾಲ ಕ್ರಿಸ್ತಪೂರ್ವ 2172 ಎಂದು ತಮಿಳುನಾಡು ಸರಕಾರ 2022ರಲ್ಲಿ ಪ್ರಕಟಿಸಿತು.

ವೀರಗಲ್ಲನ್ನು ಓದುವ ಬಗೆ

ಇವೆಲ್ಲಕ್ಕಿಂತ ಕುಟುಂಬದ ಓದಿಗೆ ಹೇಳಿಮಾಡಿಸಿದಂಥದು ವೀರಗಲ್ಲು. ತುರುಗಳನ್ನು ಬಿಡಿಸಿಕೊಳ್ಳಲು, ಊರನ್ನು ಕಾಯಲು, ಹುಲಿಯನ್ನು ಎದುರಿಸಲು ಹೋಗಿ ಮಡಿದವನ ನೆನಪಿಗೆ ನೆಟ್ಟ ಕಲ್ಲು ಅದು. ತಮಿಳಿನಲ್ಲಿ ಅದಕ್ಕೆ ‘ನಡುಕಲ್’ ಎಂಬ ಹೆಸರುಂಟು. ಕನ್ನಡದ ‘ನೆಡು’ ಎಂಬ ಧಾತುವೇ ತಮಿಳಿನ ‘ನಡು’. ಧರ್ಮಪುರಿ, ಕೃಷ್ಣಗಿರಿಗಳ ಹಳ್ಳಿಗಳಲ್ಲಿ ಇಂಥ ಕಲ್ಲುಗಳು ವೇಡಿಯಪ್ಪನ್ ಎಂಬ ಹೆಸರಿನಲ್ಲಿ ಇಂದಿಗೂ ಪೂಜೆಗೊಳ್ಳುತ್ತಿವೆ.

ಹಲವು ಅಂಕಣಗಳಿರುವ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಅಂಕಣದಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೊಯ್ಯುವ ದೃಶ್ಯ, ಮೇಲಿನದರಲ್ಲಿ ದೇವಸನ್ನಿಧಿ. ತುದಿಯ ಸೂರ್ಯಚಂದ್ರರು ಅವರಿರುವ ತನಕ ಈ ಕೀರ್ತಿ ಬಾಳಲೆಂಬುದರ ಸಂಕೇತ. ಒಂದೇ ಅಂಕಣದ ಕಲ್ಲಾದರೆ ವೀರನ ಆಯುಧ, ತುರುಬು, ಕಾಲಬಳಿಯ ಪ್ರಾಣಿ ಇವನ್ನು ಗಮನಿಸಬೇಕು. ಮಕ್ಕಳು ಕಲ್ಲನ್ನು ಮುಟ್ಟದೆ ಚಿತ್ರ ಬರೆದುಕೊಳ್ಳಲಿ. ಹಿರಿಯರು ಆಯುಧಗಳ ಹೆಸರು ಹೇಳಲಿ. ಬಿಲ್ಲು, ಕಠಾರಿ, ಗುರಾಣಿಗಳ ಹೆಸರು ಅಜ್ಜ ಅಜ್ಜಿಯರ ನಾಲಗೆಯಲ್ಲಿ ಇನ್ನೂ ಉಳಿದಿರುತ್ತವೆ.

ಇಂಥ ಕಲ್ಲುಗಳಲ್ಲಿ ಮನುಷ್ಯರ ಕಥೆಯಷ್ಟೇ ಇರುವುದಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿಸಿದ ಹತ್ತನೆಯ ಶತಮಾನದ ಕಲ್ಲು, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ಹೊಸೂರಿನ ಮಕ್ಕಳಿಗೆ ಬೆಂಗಳೂರು ದೂರವೇನಲ್ಲ.

ಮೂರು ಭಾಷೆಗಳ ಮನೆ

ಹೊಸೂರು ಸೀಮೆಯ ಕನ್ನಡ ಮನೆಗಳಲ್ಲಿ ಇಂದೊಂದು ಆತಂಕವಿದೆ. ಮಗು ಶಾಲೆಯಲ್ಲಿ ತಮಿಳನ್ನೂ ಇಂಗ್ಲಿಷನ್ನೂ ಕಲಿಯುತ್ತದೆ. ಬೀದಿಯಲ್ಲಿ ತೆಲುಗನ್ನು ಕೇಳುತ್ತದೆ. ಕನ್ನಡವನ್ನು ಮನೆಯಲ್ಲಿ ಆಡಿದರೂ ಅದರ ಅಕ್ಷರದಿಂದ ದೂರ ಸರಿಯುತ್ತಿದೆ. ತಮಿಳು ಬಂದುದರಿಂದಲೇ ಕನ್ನಡ ಹೋಯಿತೆಂದು ಭಾವಿಸುವವರಿದ್ದಾರೆ. ಶಾಸನಗಳ ಭಾಷೆಯನ್ನು ನೋಡಿದರೆ ತಮಿಳು ಬಲ್ಲ ಮಗು ಹಳಗನ್ನಡಕ್ಕೆ ಇನ್ನಷ್ಟು ಹತ್ತಿರವಿದೆ.

ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಿದೆ. ಈ ಮಾರ್ಪಾಡು ಸುಮಾರು ಹತ್ತನೆಯ ಶತಮಾನದಿಂದ ಕಾಣತೊಡಗಿ ಮುಂದೆ ವ್ಯಾಪಕವಾಯಿತು. ಪುಲಿ ಹುಲಿಯಾಯಿತು, ಪಾಲ್ ಹಾಲಾಯಿತು, ಪಲ್ ಹಲ್ಲಾಯಿತು, ಪಳ್ಳಿ ಹಳ್ಳಿಯಾಯಿತು. ತಮಿಳಿನಲ್ಲಿ ಪುಲಿ, ಪಾಲ್, ಪಲ್ ಇಂದಿಗೂ ಬಳಕೆಯಲ್ಲಿವೆ. ತೆಲುಗಿನಲ್ಲಿಯೂ ಪುಲಿ, ಪಾಲು ಉಂಟು. ಆದುದರಿಂದ ಹಳಗನ್ನಡದ ಕಲ್ಲಿನಲ್ಲಿ ‘ಪುಲಿ’ ಎಂಬ ಪದವಿದ್ದರೆ ಬೆಂಗಳೂರಿನ ಮಗು ಅರ್ಥ ಕೇಳಬೇಕಾಗಬಹುದು. ಹೊಸೂರಿನ ಮಗು ಕೇಳಬೇಕಿಲ್ಲ.

ಇದನ್ನು ಆಟವಾಗಿಸಬಹುದು. ದಾರಿಯಲ್ಲಿ ಕಾಣುವ ಊರುಗಳ ಹೆಸರನ್ನು ಮಕ್ಕಳು ಬರೆದುಕೊಳ್ಳಲಿ. ಹಳ್ಳಿ, ಪಳ್ಳಿ, ಊರು, ಕೋಟೆ, ಗಿರಿ ಎಂದು ಕೊನೆಗೊಳ್ಳುವವನ್ನು ಬೇರೆಬೇರೆ ಪಟ್ಟಿ ಮಾಡಲಿ. ಹೊಸೂರು ಎಂದರೆ ಹೊಸ ಊರು. ‘ಹೊಸ’ ಎಂಬುದರ ಹಳೆಯ ರೂಪ ‘ಪೊಸ’. ತಮಿಳು ಫಲಕದಲ್ಲಿ ಅದೇ ಊರು ‘ಓಸೂರ್’ ಆಗಿದೆ. ಒಂದು ಫಲಕದಲ್ಲಿ ಹಕಾರವಿದ್ದು ಇನ್ನೊಂದರಲ್ಲಿ ಇಲ್ಲದಿರುವುದೇಕೆಂದು ಮಗು ಕೇಳಿದರೆ ಅದು ಭಾಷಾಶಾಸ್ತ್ರದ ಮೊದಲ ಪಾಠ.

ಗಮನಿಸಬೇಕಾದ ನಿಯಮಗಳು

ಕಲ್ಲಿನ ಮೇಲೆ ಸೀಮೆಸುಣ್ಣ, ಎಣ್ಣೆ, ಬಣ್ಣ ಯಾವುದನ್ನೂ ಹಚ್ಚಬಾರದು. ಅಕ್ಷರ ಕಾಣದಿದ್ದರೆ ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ನೋಡಬೇಕು, ಆಗ ನೆರಳು ಅಕ್ಷರವನ್ನು ಎತ್ತಿ ತೋರಿಸುತ್ತದೆ. ಪೂಜೆಗೊಳ್ಳುವ ಕಲ್ಲಾದರೆ ಊರವರ ಅನುಮತಿ ಪಡೆಯಬೇಕು. ನಿಧಿಯಾಸೆಗೆ ಅಗೆದ ಕಲ್ಮನೆಗಳೂ, ರಸ್ತೆ ಅಗಲಿಸುವಾಗ ಮಗುಚಿಬಿದ್ದ ವೀರಗಲ್ಲುಗಳೂ ಮರಳಿ ಮೊದಲಿನಂತಾಗುವುದಿಲ್ಲ. ಬಿದ್ದಿರುವ ಅಥವಾ ಅರ್ಧ ಹೂತ ಕಲ್ಲು ಕಂಡರೆ ಅದನ್ನು ಕದಲಿಸದೆ, ಚಿತ್ರ ತೆಗೆದು, ಊರು ಮತ್ತು ಜಾಗದ ವಿವರ ಬರೆದು, ಕೃಷ್ಣಗಿರಿಯ ವಸ್ತುಸಂಗ್ರಹಾಲಯಕ್ಕೋ ತಾಲೂಕು ಕಚೇರಿಗೋ ತಿಳಿಸಬಹುದು.

ಒಂದು ದಿನಕ್ಕೆ ಒಂದೇ ತಾಣ ಸಾಕು. ಜೊತೆಯಲ್ಲಿ ನೀರು, ಬುತ್ತಿ, ಒಂದು ನೋಟುಬುಕ್ಕು ಇದ್ದರೆ ಸಿದ್ಧತೆ ಮುಗಿಯಿತು. ಮುಂದಿನ ಭಾನುವಾರ ಅದೇ ನೋಟುಬುಕ್ಕನ್ನು ಹಿಡಿದು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಬಯಲಿನಲ್ಲಿ ಬರೆದ ಚಿತ್ರವನ್ನು ಅಲ್ಲಿನ ಕಲ್ಲಿನೊಡನೆ ಹೋಲಿಸಿ, ಆಯುಧ ಯಾವುದು, ಅಂಕಣ ಎಷ್ಟು, ಅಕ್ಷರವಿದ್ದರೆ ಯಾವ ಭಾಷೆಯದು ಎಂದು ಮಗು ತಾನೇ ಗುರುತಿಸಲಿ. ಒಂದು ಪದವನ್ನಾದರೂ ಕನ್ನಡದಲ್ಲಿ ಬರೆದುಕೊಂಡು ಮನೆಗೆ ಬಂದರೆ ರಜೆ ಸಾರ್ಥಕ.