ನಾಳೆಗೆಂದು ಇಡಲಾಗದ ಕರುಣೆ

ಆಯುಸ್ಸು ಅಲ್ಪವೆಂಬ ಮಾತನ್ನು ಬಾಲ್ಯದಿಂದ ಕೇಳದವರಿಲ್ಲ. ಸಂಸ್ಕೃತ ಕವಿಗಳು ಅದನ್ನು ತಾವರೆಯೆಲೆಯ ಮೇಲಣ ನೀರಹನಿಗೆ ಹೋಲಿಸಿದರು. ಸತ್ಯವೇದದ ಯಾಕೋಬನ ಪತ್ರಿಕೆಯು ಮಂಜಿಗೆ ಹೋಲಿಸಿತು. ನಾವೂ ಮೂವತ್ತು ವರ್ಷಗಳ ಕಾಲ ಈ ಉಪಮಾನಗಳನ್ನು ಬಾಲಕರಿಗೆ ವಿವರಿಸಿದೆವು. ಆದರೆ ಅವುಗಳ ಅರ್ಥವನ್ನು ನಾವೇ ಅರಿತದ್ದು ಬಹಳ ತಡವಾಗಿ.

ನಮ್ಮ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ ಮುದುಕನು ಕಾಯಿಲೆ ಬಿದ್ದಿರುವನೆಂದು ಕೇಳಿ, ಭಾನುವಾರ ನೋಡಿ ಬರೋಣವೆಂದುಕೊಂಡೆವು. ಆ ಭಾನುವಾರ ಮಳೆ ಹಿಡಿಯಿತು. ಅದರ ಮುಂದಿನದು ನಂಟರ ಮದುವೆಗೆ ಸಂದಿತು. ಮೂರನೆಯ ಭಾನುವಾರ ಹೋದಾಗ ಆತನನ್ನು ಮಣ್ಣು ಮಾಡಿ ನಾಲ್ಕು ದಿನಗಳಾಗಿದ್ದವು. "ಮೇಷ್ಟ್ರು ಬಂದಾರು ಅಂತ ಬಾಗಿಲು ನೋಡ್ತಿದ್ರು ಸ್ವಾಮಿ" ಎಂದು ಆತನ ಹೆಂಡತಿ ಹೇಳಿದಳು. ನಾವು ಉತ್ತರ ಕೊಡಲಾರದೆ ನಿಂತೆವು.

ಒಳ್ಳೆಯ ಸಮಾರ್ಯದವನ ಸಾಮ್ಯವು ಆ ದಿನದಿಂದ ನಮಗೆ ಬೇರೆಯಾಗಿ ಕಾಣತೊಡಗಿತು. ಗಾಯಗೊಂಡು ಬಿದ್ದವನನ್ನು ಕಂಡೂ ಮುಂದೆ ನಡೆದ ಯಾಜಕನನ್ನಾಗಲಿ ಲೇವಿಯನನ್ನಾಗಲಿ ಪ್ರಭುವು ಕ್ರೂರಿಯೆಂದು ಕರೆಯಲಿಲ್ಲ. ದಾಟಿ ಹೋದರೆಂದಷ್ಟೇ ಹೇಳಿದನು. ಪ್ರಾಯಶಃ ಅವರಿಗೂ ಏನೋ ಕೆಲಸವಿದ್ದಿತು.

ದಾಟಿ ಹೋಗದೆ ನಿಂತ ಒಬ್ಬ ಮಹನೀಯರ ಚರಿತ್ರೆಯನ್ನು ಇಲ್ಲಿ ಸ್ಮರಿಸುವುದು ಉಚಿತವಾಗಿದೆ. ಬೆಲ್ಜಿಯಂ ದೇಶದಲ್ಲಿ 1840ರಲ್ಲಿ ಜನಿಸಿದ ಡೇಮಿಯನ್ ಪಾದ್ರಿಗಳೇ ಇವರು. ಶಾಂತಸಾಗರದ ಹವಾಯಿ ದ್ವೀಪಗಳಿಗೆ ಹೋಗಬೇಕಾಗಿದ್ದವರು ಇವರ ಅಣ್ಣ. ಅಣ್ಣನು ರೋಗಪೀಡಿತನಾಗಲು, ಆ ಸ್ಥಾನವನ್ನು ಬೇಡಿ ಪಡೆದು ಇವರು 1863ರಲ್ಲಿ ಹಡಗು ಹತ್ತಿದರು. ಹವಾಯಿ ಅರಸೊತ್ತಿಗೆಯ 1865ರ ಕಾನೂನಿನಂತೆ, ಕುಷ್ಠರೋಗಿಗಳನ್ನು ಮಡದಿಮಕ್ಕಳಿಂದ ಅಗಲಿಸಿ ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಸಾಗಿಸುತ್ತಿದ್ದರು. ಮೂರು ಕಡೆ ಸಮುದ್ರ, ಒಂದು ಕಡೆ ಗೋಡೆಯಂತೆ ನಿಂತ ಪರ್ವತ. ಡೇಮಿಯನರು ಅಲ್ಲಿಗೆ 1873ರ ಮೇ ತಿಂಗಳಲ್ಲಿ ಬಂದರು. ಆಗ ಅವರಿಗೆ ವಯಸ್ಸು 33.

ಅವರು ರೋಗಿಗಳ ಹುಣ್ಣು ತೊಳೆದರು, ಮನೆ ಕಟ್ಟಿದರು, ಶವಪೆಟ್ಟಿಗೆಗಳನ್ನು ತಾವೇ ಮಾಡಿದರು, ಗೋರಿಯನ್ನೂ ತೋಡಿದರು. ಪ್ರಸಂಗ ಮಾಡುವಾಗ 'ಕುಷ್ಠರೋಗಿಗಳಾದ ನಾವು' ಎಂದೇ ಹೇಳುವುದಾಗಿ ಆ ವರ್ಷವೇ ಅಣ್ಣನಿಗೆ ಬರೆದರು. ಆಗಿನ್ನೂ ರೋಗದ ಲಕ್ಷಣವಾವುದೂ ಅವರಲ್ಲಿ ತೋರಿರಲಿಲ್ಲ! ವ್ಯಾಕರಣ ಬೋಧಿಸಿ ಹಣ್ಣಾದ ನಮಗೆ, ಉತ್ತಮಪುರುಷ ಬಹುವಚನದ ಅರ್ಥವು ಯಾವ ಸೂತ್ರದಲ್ಲಿಯೂ ಇಷ್ಟು ಸ್ಪಷ್ಟವಾಗಿ ಕಂಡದ್ದಿಲ್ಲ.

1884ರಲ್ಲಿ ಒಂದು ದಿನ ಕಾಲನ್ನು ಕುದಿನೀರಿಗೆ ಇಟ್ಟರೂ ಅವರಿಗೆ ಬಿಸಿ ತಿಳಿಯಲಿಲ್ಲ. ರೋಗವು ತಮಗೂ ತಗಲಿತೆಂದು ಅರಿತರು. ಆದರೂ ಕೆಲಸ ಬಿಡಲಿಲ್ಲ. 1889ರ ಏಪ್ರಿಲ್ 15ರಂದು, ತಮ್ಮ 49ನೆಯ ವಯಸ್ಸಿನಲ್ಲಿ, ಅಲ್ಲಿಯೇ ದೇಹವಿಟ್ಟರು. 2009ರಲ್ಲಿ ರೋಮಿನ ಸಭೆಯು ಅವರನ್ನು ಸಂತರೆಂದು ಸಾರಿತು.

ಅವರು ಮೊಲೊಕಾಯಿಗೆ ಬಂದ 1873ರಲ್ಲಿಯೇ ನಾರ್ವೆಯ ಹ್ಯಾನ್ಸೆನ್ ಎಂಬ ವೈದ್ಯರು ಕುಷ್ಠರೋಗದ ಕ್ರಿಮಿಯನ್ನು ಕಂಡುಹಿಡಿದರು. ಇಂದು ಆ ರೋಗವು 6 ಅಥವಾ 12 ತಿಂಗಳ ಔಷಧಸೇವನೆಯಿಂದ ಗುಣವಾಗುತ್ತದೆ. ಡೇಮಿಯನರ ಕಾಲದ ರೋಗಿಗಳಿಗೆ ಆ ಔಷಧವಿರಲಿಲ್ಲ. ಅದು ದೊರೆಯುವವರೆಗೆ ಅವರು ಬದುಕಿರುವಂತೆಯೂ ಇರಲಿಲ್ಲ. ಆದುದರಿಂದ ತಮ್ಮ ಕೈಯಲ್ಲಿ ಇದ್ದುದನ್ನೇ, ಇದ್ದ ದಿನವೇ, ಡೇಮಿಯನರು ಕೊಟ್ಟರು.

ಕ್ರಿಸ್ತಾನುಯಾಯಿಗಳಾದ ನಾವು ಜೀವಿತದ ಅಲ್ಪತೆಯನ್ನು ನೆನೆದು ನಿಟ್ಟುಸಿರು ಬಿಡಬೇಕಾಗಿಲ್ಲ. ನಮ್ಮ ಆಯುಸ್ಸು ಮಾತ್ರವಲ್ಲ, ನಮ್ಮನ್ನು ಎದುರು ನೋಡುವವರ ಆಯುಸ್ಸೂ ಅಲ್ಪವೆಂಬುದನ್ನು ಮರೆಯದಿದ್ದರೆ ಸಾಕು. ಎಲ್ಲರಿಗೂ ಮೊಲೊಕಾಯಿಗೆ ಹೋಗುವ ಕರೆ ಬಾರದು. ಪಕ್ಕದ ಬೀದಿಗೆ ಹೋಗುವ ಕರೆ ಬಹಳ ಮಂದಿಗೆ ಬಂದೇ ಇರುತ್ತದೆ. ಈ ಪುಟವನ್ನು ಮಡಿಸಿಡುವಾಗ ಅಂತಹ ಮನೆಯೊಂದು ನೆನಪಿಗೆ ಬಂದಲ್ಲಿ, ವಾಚಕರು ಭಾನುವಾರಕ್ಕೆ ಕಾಯದೆ ಇಂದು ಸಂಜೆಯೇ ಹೊರಡಬೇಕೆಂದು ನಮ್ಮ ವಿನಂತಿ.